ತೋಟದ ಮನೆಯ ಸೌರ ಬ್ಯಾಟರಿ: ಜಮೆ–ಖರ್ಚಿನ ಲೆಕ್ಕ ಮತ್ತು ಆರೈಕೆ

ಊರಿನಿಂದ ದೂರದ ಜಮೀನಿನಲ್ಲಿ, ವಿದ್ಯುತ್ ತಂತಿ ತಲುಪದ ಕಡೆ ಮನೆ ಮಾಡಿಕೊಂಡಿರುವ ರೈತ ಕುಟುಂಬಗಳು ರಾಜ್ಯದಲ್ಲಿ ಇಂದಿಗೂ ಇವೆ. ಕಾಡಂಚಿನ ಅಡಿಕೆ ತೋಟ, ಮಲೆನಾಡಿನ ಕಾಫಿ ತೋಟ, ಬಯಲುಸೀಮೆಯ ಹೊಲದ ಕಾವಲು ಮನೆ ಇವುಗಳಲ್ಲಿ ಒಂದು ಸೌರ ಫಲಕ ಮತ್ತು ಒಂದು ಬ್ಯಾಟರಿಯೇ ಬೆಳಕಿಗೆ ಆಧಾರ. ದೀಪ ಉರಿಯುವುದು, ಮೊಬೈಲ್ ಚಾರ್ಜ್ ಆಗುವುದು, ಆನೆ ಮತ್ತು ಕಾಡುಹಂದಿಗಳನ್ನು ತಡೆಯುವ ಸೌರ ಬೇಲಿ ಕೆಲಸ ಮಾಡುವುದು ಎಲ್ಲವೂ ಆ ಒಂದು ಬ್ಯಾಟರಿಯಿಂದ. ಅದು ಒಂದು ರಾತ್ರಿ ಕೈಕೊಟ್ಟರೆ ಕತ್ತಲೆಯಷ್ಟೇ ಅಲ್ಲ, ಕೈಗೆ ಬಂದ ಬೆಳೆಯೂ ಹೋಗಬಹುದು.

ಮೊದಲ ವರ್ಷ ಚೆನ್ನಾಗಿ ನಡೆದ ಬ್ಯಾಟರಿ ಎರಡನೆಯ ಅಥವಾ ಮೂರನೆಯ ಮಳೆಗಾಲದಲ್ಲಿ ಹಠಾತ್ತಾಗಿ ನಿಂತುಹೋಯಿತೆಂಬುದು ಇಂತಹ ಮನೆಗಳಿಂದ ಸಾಮಾನ್ಯವಾಗಿ ಕೇಳಿಬರುವ ದೂರು. ಬ್ಯಾಟರಿಯೇ ಕಳಪೆ ಎಂದು ತಿಳಿದು ಹೊಸದನ್ನು ತರುತ್ತಾರೆ. ಅದಕ್ಕೂ ಅದೇ ಗತಿಯಾಗುತ್ತದೆ. ನಿಜವಾಗಿ ನೋಡಿದರೆ ಇಂತಹ ಬಹುಪಾಲು ಬ್ಯಾಟರಿಗಳು ವಯಸ್ಸಾಗಿ ಸಾಯುವುದಿಲ್ಲ, ಹಸಿವಿನಿಂದ ಸಾಯುತ್ತವೆ. ದಿನವೂ ಹಾಲು ಕರೆದುಕೊಂಡು ಅರೆಹೊಟ್ಟೆ ಮೇವು ಹಾಕಿದರೆ ಎಮ್ಮೆ ಬಡಕಲಾಗುವಂತೆ, ದಿನವೂ ತೆಗೆದಷ್ಟನ್ನು ತುಂಬದಿದ್ದರೆ ಬ್ಯಾಟರಿಯೂ ಸೊರಗುತ್ತದೆ.

ಬ್ಯಾಟರಿಯ ಒಳಗೆ ನಡೆಯುವುದೇನು?

ತೋಟದ ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ. ಇದರಲ್ಲಿ ಸುಮಾರು 2 ವೋಲ್ಟಿನ 6 ಕೋಶಗಳಿರುತ್ತವೆ. ಪ್ರತಿ ಕೋಶದಲ್ಲಿ ಸೀಸದ ಪ್ಲೇಟುಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಬ್ಯಾಟರಿಯಿಂದ ವಿದ್ಯುತ್ ತೆಗೆದಾಗ ಆಮ್ಲದ ಅಂಶ ಪ್ಲೇಟುಗಳಿಗೆ ಸೇರಿ ಸೀಸದ ಸಲ್ಫೇಟ್ ಆಗುತ್ತದೆ, ದ್ರಾವಣ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟ್ ಕರಗಿ ಆಮ್ಲ ಮತ್ತೆ ದ್ರಾವಣಕ್ಕೆ ಬರುತ್ತದೆ.

ಹೊಸದಾಗಿ ಉಂಟಾದ ಸಲ್ಫೇಟ್ ನುಣುಪಾಗಿದ್ದು ಸುಲಭವಾಗಿ ಕರಗುತ್ತದೆ. ಬ್ಯಾಟರಿಯನ್ನು ಅರೆಬರೆ ಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟರೆ ಅದು ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದ ಸಲ್ಫೇಟ್ ಮತ್ತೆ ಕರಗುವುದು ಕಷ್ಟ. ಅಷ್ಟು ಭಾಗದ ಪ್ಲೇಟು ಕೆಲಸಕ್ಕೆ ಬಾರದಂತಾಗಿ 100 ಆಂಪಿಯರ್-ಗಂಟೆಯ ಬ್ಯಾಟರಿ 60ರಂತೆ, ನಂತರ 40ರಂತೆ ವರ್ತಿಸತೊಡಗುತ್ತದೆ. ಆದುದರಿಂದ ಆರೈಕೆಯ ಮೊದಲ ಸೂತ್ರವೆಂದರೆ, ಸಾಧ್ಯವಾದರೆ ಪ್ರತಿದಿನ, ಇಲ್ಲವಾದರೆ ವಾರಕ್ಕೆ ಒಮ್ಮೆಯಾದರೂ ಬ್ಯಾಟರಿ ಪೂರ್ತಿ ತುಂಬಬೇಕು.

ಸರಿಯಾದ ಬ್ಯಾಟರಿಯ ಆಯ್ಕೆ

ಟ್ರಾಕ್ಟರ್ ಅಥವಾ ಜೀಪಿನ ಹಳೆಯ ಬ್ಯಾಟರಿಯನ್ನು ದೀಪಕ್ಕೂ ಬೇಲಿಗೂ ಜೋಡಿಸುವ ರೂಢಿ ಹಲವೆಡೆ ಇದೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳಿರುತ್ತವೆ. ಕೆಲವು ಕ್ಷಣ ಹೆಚ್ಚು ವಿದ್ಯುತ್ ಕೊಟ್ಟು ಕೂಡಲೇ ತುಂಬಿಕೊಳ್ಳುವುದು ಅದರ ಕೆಲಸ. ರಾತ್ರಿಯಿಡೀ ನಿಧಾನವಾಗಿ ಬರಿದುಮಾಡಿದರೆ ಅದು ಬೇಗ ಹಾಳಾಗುತ್ತದೆ. ತೋಟದ ಮನೆಗೆ ದಪ್ಪ ಪ್ಲೇಟಿನ, ಸೌರ ಬಳಕೆಗೆಂದೇ ತಯಾರಾದ ಟ್ಯೂಬುಲರ್ ಬ್ಯಾಟರಿ ಸೂಕ್ತ. ಅದನ್ನೂ ಅರ್ಧಕ್ಕಿಂತ ಕೆಳಗೆ ದಿನವೂ ಇಳಿಸಬಾರದು. ಹೆಚ್ಚು ಆಳಕ್ಕೆ ಬರಿದು ಮಾಡಿದಷ್ಟೂ ಅದರ ಆಯುಷ್ಯ ಕಡಿಮೆಯಾಗುತ್ತದೆ.

ದಿನದ ಖರ್ಚಿನ ಲೆಕ್ಕ

ಪ್ರತಿಯೊಂದು ಉಪಕರಣದ ವ್ಯಾಟ್ ಸಂಖ್ಯೆಯನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಗಂಟೆ ಸಿಗುತ್ತದೆ. ಉದಾಹರಣೆಗೆ ಸಾಧಾರಣ ತೋಟದ ಮನೆಯೊಂದರ ಲೆಕ್ಕ ಹೀಗಿರುತ್ತದೆ.

ಕೋಷ್ಟಕ 1: ಒಂದು ದಿನದ ಖರ್ಚು

| ಉಪಕರಣ | ಬಳಕೆ | ವ್ಯಾಟ್-ಗಂಟೆ |
|---|---|---|
| 7 ವ್ಯಾಟಿನ 3 ಎಲ್‌ಇಡಿ ದೀಪ | 4 ಗಂಟೆ | 84 |
| ಅಂಗಳದ 5 ವ್ಯಾಟಿನ 1 ದೀಪ | 10 ಗಂಟೆ | 50 |
| ಮೊಬೈಲ್ 2 | ಒಮ್ಮೆ ಚಾರ್ಜ್ | 20 |
| 4 ವ್ಯಾಟಿನ ರೇಡಿಯೊ | 4 ಗಂಟೆ | 16 |
| ಸೌರ ಬೇಲಿಯ 5 ವ್ಯಾಟಿನ ಯಂತ್ರ | 14 ಗಂಟೆ | 70 |
| ಒಟ್ಟು | | 240 |

ಇದನ್ನು 12 ವೋಲ್ಟಿನಿಂದ ಭಾಗಿಸಿದರೆ ದಿನಕ್ಕೆ 20 ಆಂಪಿಯರ್-ಗಂಟೆ ಖರ್ಚು. ಸೀಸ-ಆಮ್ಲ ಬ್ಯಾಟರಿಗೆ ತುಂಬಿದ್ದೆಲ್ಲವೂ ವಾಪಸು ಬರುವುದಿಲ್ಲ. ತೆಗೆದದ್ದಕ್ಕಿಂತ ಸುಮಾರು ಶೇಕಡ 20ರಷ್ಟು ಹೆಚ್ಚು ತುಂಬಬೇಕು. ಅಂದರೆ 20 ಖರ್ಚಾದರೆ 24 ಜಮೆಯಾಗಬೇಕು.

ಬಿಸಿಲೇ ಬಾರದ 2 ದಿನಗಳಿಗೆ 40 ಆಂಪಿಯರ್-ಗಂಟೆ ಬೇಕು. ಬ್ಯಾಟರಿಯ ಅರ್ಧವನ್ನು ಮಾತ್ರ ಬಳಸಬೇಕಾದ್ದರಿಂದ ಅದರ ಎರಡರಷ್ಟು, ಅಂದರೆ 80 ಆಂಪಿಯರ್-ಗಂಟೆಯ ಬ್ಯಾಟರಿಯಾಗಬೇಕು. ಸ್ವಲ್ಪ ಮುಂಗಾಣಿಕೆಯಿಂದ 100 ಆಂಪಿಯರ್-ಗಂಟೆಯ ಬ್ಯಾಟರಿ ತರುವುದು ಒಳ್ಳೆಯದು.

ಫಲಕದಿಂದ ಬರುವ ಜಮೆ

ಹೆಚ್ಚಿನವರು ಲೆಕ್ಕ ತಪ್ಪುವುದು ಇಲ್ಲಿಯೇ. 100 ವ್ಯಾಟಿನ ಫಲಕ ನಡುಹಗಲಿನ ಒಳ್ಳೆಯ ಬಿಸಿಲಿನಲ್ಲಿ ಸುಮಾರು 5.5 ಆಂಪಿಯರ್ ಕೊಡುತ್ತದೆ. ಬೆಳಿಗ್ಗೆ ಮತ್ತು ಸಂಜೆಯ ಎಳೆಬಿಸಿಲನ್ನೂ ಸೇರಿಸಿ ಒಂದು ಒಳ್ಳೆಯ ದಿನವನ್ನು ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲೆಂದು ಹಿಡಿದರೆ 25 ಆಂಪಿಯರ್-ಗಂಟೆಯಾಗುತ್ತದೆ. ಬೇಕಾದದ್ದು 24, ಬರುವುದು 25. ಹೀಗಾಗಿ ಸಾಕೆನಿಸುತ್ತದೆ. ಆದರೆ ಫಲಕ ಕಾಯುವುದರಿಂದ, ಧೂಳಿನಿಂದ ಮತ್ತು ತಂತಿಯಲ್ಲಿ ಆಗುವ ನಷ್ಟಕ್ಕೆ ಶೇಕಡ 15 ಕಳೆದರೆ ಉಳಿಯುವುದು 21 ಮಾತ್ರ. ದಿನವೂ 3ರಷ್ಟು ಕೊರತೆ. ಮನೆಯವರಿಗೆ ಇದು ಗೊತ್ತಾಗುವುದಿಲ್ಲ, ದೀಪ ಎಂದಿನಂತೆ ಉರಿಯುತ್ತಿರುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಬ್ಯಾಟರಿ ಸರಿಸುಮಾರು ಅರ್ಧ ಬರಿದಾಗಿರುತ್ತದೆ. ಅಷ್ಟರಲ್ಲಿ ಮೋಡ ಕವಿದರೆ ಕತ್ತಲೆ ಖಂಡಿತ.

ಅದೇ ಮನೆಗೆ 150 ವ್ಯಾಟಿನ ಫಲಕ ಹಾಕಿದರೆ ಸುಮಾರು 8 ಆಂಪಿಯರ್ ಬರುತ್ತದೆ. ನಷ್ಟ ಕಳೆದು ದಿನಕ್ಕೆ 30 ಆಂಪಿಯರ್-ಗಂಟೆ ಸಿಗುತ್ತದೆ. ಖರ್ಚು ತೀರಿಸಿ 6 ಉಳಿಯುತ್ತದೆ. ಈ ಉಳಿತಾಯವೇ ಹಳೆಯ ಬಾಕಿಯನ್ನು ತೀರಿಸುವುದು. ಎರಡು ದಿನ ಬಿಸಿಲೇ ಬಾರದೆ 40 ಆಂಪಿಯರ್-ಗಂಟೆ ಖರ್ಚಾಗಿದ್ದರೆ ಅದನ್ನು ತುಂಬಲು 48 ಬೇಕು. ದಿನಕ್ಕೆ 6ರಂತೆ ಅದಕ್ಕೆ 8 ಬಿಸಿಲಿನ ದಿನಗಳೇ ಹಿಡಿಯುತ್ತವೆ. ಒಂದು ದಿನ ಬಿಸಿಲು ಕಂಡ ಕೂಡಲೇ ಬ್ಯಾಟರಿ ತುಂಬಿತೆಂದು ಭಾವಿಸಬಾರದು.

ಸೀಸ-ಆಮ್ಲ ಬ್ಯಾಟರಿ ಮುಕ್ಕಾಲು ಭಾಗದವರೆಗೆ ಬೇಗ ತುಂಬುತ್ತದೆ. ಕೊನೆಯ ಭಾಗ ನಿಧಾನ. ಅದಕ್ಕೆ ಹಲವು ಗಂಟೆಗಳ ಕಾಲ ಸುಮಾರು 14.4 ವೋಲ್ಟ್ ಒತ್ತಡ ಬೇಕು. ಈ ಕೊನೆಯ ಭಾಗವನ್ನು ತುಂಬದೆ ಬಿಡುವುದರಿಂದಲೇ ಸಲ್ಫೇಟ್ ಗಟ್ಟಿಯಾಗುವುದು.

ದಾರಿಯಲ್ಲಿ ಸೋರಿಹೋಗುವ ವಿದ್ಯುತ್

ಕಾಲುವೆಯಲ್ಲಿ ನೀರು ಸೋರುವಂತೆ ಫಲಕದಿಂದ ಬ್ಯಾಟರಿಗೆ ಬರುವ ದಾರಿಯಲ್ಲಿಯೂ ವಿದ್ಯುತ್ ಸೋರಿಹೋಗುತ್ತದೆ. ಗಮನಿಸಬೇಕಾದ ಸ್ಥಳಗಳು ನಾಲ್ಕು.

1. ತಂತಿ: ಫಲಕ ಮನೆಯಿಂದ 15 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 30 ಮೀಟರ್ ಆಗುತ್ತದೆ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 8 ಆಂಪಿಯರ್ ಹರಿದರೆ ಸುಮಾರು 3 ವೋಲ್ಟ್ ನಷ್ಟವಾಗುತ್ತದೆ. ಬಿಸಿಲಿಗೆ ಕಾದ ಫಲಕದ ಒತ್ತಡವೂ ಇಳಿದಿರುವುದರಿಂದ ಬ್ಯಾಟರಿಗೆ 14.4 ವೋಲ್ಟ್ ತಲುಪುವುದೇ ಇಲ್ಲ. 6 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಮುಕ್ಕಾಲು ವೋಲ್ಟಿಗೆ ಇಳಿಯುತ್ತದೆ. ಚಾರ್ಜ್ ನಿಯಂತ್ರಕ ಬ್ಯಾಟರಿಯ ಸಮೀಪವೇ ಇರಬೇಕು.

2. ನೆರಳು ಮತ್ತು ಧೂಳು: ಫಲಕದ ಬಿಲ್ಲೆಗಳು ಸರಪಳಿಯಂತೆ ಜೋಡಣೆಯಾಗಿರುತ್ತವೆ. ಒಂದು ತೆಂಗಿನ ಗರಿಯ ನೆರಳು ಒಂದು ಮೂಲೆಗೆ ಬಿದ್ದರೂ ಒಟ್ಟು ವಿದ್ಯುತ್ ಬಹಳ ಕಡಿಮೆಯಾಗುತ್ತದೆ. ಫಲಕ ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿಯಷ್ಟು ಇಳಿಜಾರಾಗಿರಲಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು.

3. ಇನ್ವರ್ಟರ್: ಏನೂ ಉರಿಯದಿದ್ದರೂ ಇನ್ವರ್ಟರ್ ತನಗಾಗಿ ವಿದ್ಯುತ್ ಬಳಸುತ್ತದೆ. ಅದು 10 ವ್ಯಾಟ್ ಬಳಸುವುದಾದರೆ 24 ಗಂಟೆಗೆ 240 ವ್ಯಾಟ್-ಗಂಟೆ. ಮೇಲಿನ ಕೋಷ್ಟಕದ ಇಡೀ ಮನೆಯ ಖರ್ಚಿಗೆ ಇದು ಸಮ! ಸಾಧ್ಯವಿದ್ದಷ್ಟೂ 12 ವೋಲ್ಟಿನ ದೀಪಗಳನ್ನೇ ನೇರವಾಗಿ ಬಳಸಬೇಕು. ಇನ್ವರ್ಟರ್ ಇದ್ದರೆ ಕೆಲಸ ಮುಗಿದ ಕೂಡಲೇ ಆರಿಸಬೇಕು.

4. ಟರ್ಮಿನಲ್: ಹಸಿರು ಅಥವಾ ಬಿಳಿ ಪುಡಿ ಕಟ್ಟಿದ, ಸಡಿಲವಾದ ಟರ್ಮಿನಲ್ ವಿದ್ಯುತ್ತನ್ನು ತಡೆಯುತ್ತದೆ. ಕೋಶಗಳ ಮುಚ್ಚಳ ಭದ್ರಪಡಿಸಿ, ಅಡುಗೆ ಸೋಡಾ ಕದಡಿದ ನೀರಿನಿಂದ ಟರ್ಮಿನಲ್ ತೊಳೆದು ಒಣಗಿಸಿ, ಬಿಗಿ ಮಾಡಿ ವ್ಯಾಸಲೀನ್ ಸವರಬೇಕು. ಸೋಡಾ ನೀರು ಕೋಶದೊಳಗೆ ಹೋಗಬಾರದು.

ಬ್ಯಾಟರಿಯ ಸ್ಥಿತಿ ತಿಳಿಯುವ ಬಗೆ

ದೀಪ ಉರಿಯುತ್ತಿದೆ ಎಂಬುದು ಬ್ಯಾಟರಿಯ ಆರೋಗ್ಯದ ಗುರುತಲ್ಲ. ಚಾರ್ಜೂ ಆಗದೆ, ದೊಡ್ಡ ಹೊರೆಯೂ ಇಲ್ಲದೆ 2–3 ಗಂಟೆ ಬಿಟ್ಟು ಅಳತೆ ಮಾಡಬೇಕು. ಬೆಳಗಿನ ಜಾವ ಬಿಸಿಲು ಏರುವ ಮುನ್ನ ನೋಡುವುದು ಅನುಕೂಲ. ಮಲ್ಟಿಮೀಟರಿನಿಂದ ವೋಲ್ಟನ್ನೂ ಹೈಡ್ರೋಮೀಟರಿನಿಂದ ಪ್ರತಿ ಕೋಶದ ಆಮ್ಲದ ವಿಶಿಷ್ಟ ಗುರುತ್ವವನ್ನೂ ನೋಡಬಹುದು. ಪೂರ್ಣ ಚಾರ್ಜಿನಲ್ಲಿ 1.240 ಗುರುತ್ವವಿರುವ ಟ್ಯೂಬುಲರ್ ಬ್ಯಾಟರಿಗೆ ಅಂದಾಜು ಅಂಕಿಗಳು ಹೀಗಿವೆ.

ಕೋಷ್ಟಕ 2: ಬ್ಯಾಟರಿಯ ಸ್ಥಿತಿ

| ಸ್ಥಿತಿ | ವಿಶಿಷ್ಟ ಗುರುತ್ವ | ವೋಲ್ಟ್ |
|---|---|---|
| ಪೂರ್ಣ | 1.240 | 12.5 |
| ಮುಕ್ಕಾಲು | 1.200 | 12.3 |
| ಅರ್ಧ | 1.170 | 12.1 |
| ಕಾಲು | 1.140 | 11.9 |
| ಬರಿದು | 1.110 | 11.7 |

ಪೂರ್ಣಕ್ಕೂ ಅರ್ಧಕ್ಕೂ ವ್ಯತ್ಯಾಸ ಅರ್ಧ ವೋಲ್ಟಿಗಿಂತಲೂ ಕಡಿಮೆ ಎಂಬುದನ್ನು ಗಮನಿಸಬೇಕು. ಬ್ಯಾಟರಿಯ ಜೊತೆ ಬಂದ ಕೈಪಿಡಿಯಲ್ಲಿ ಪೂರ್ಣ ಚಾರ್ಜಿನ ಅಂಕಿ ಬೇರೆ ಇದ್ದರೆ ಅದನ್ನೇ ಹಿಡಿಯಬೇಕು. ಐದು ಕೋಶಗಳು ಒಂದೇ ಸಮ ಇದ್ದು ಒಂದು ಮಾತ್ರ 0.030ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಕೋಶಕ್ಕೆ ತೊಂದರೆ ಶುರುವಾಗಿದೆ ಎಂದರ್ಥ. ಆಗ ತಯಾರಕರು ತಿಳಿಸಿದಂತೆ ಸಮೀಕರಣ ಚಾರ್ಜ್ ಕೊಡಿಸಿ ನೋಡಬೇಕು.

ಬ್ಯಾಟರಿ ತೀರಾ ಇಳಿದಾಗ ಚಾರ್ಜ್ ನಿಯಂತ್ರಕ ತಾನಾಗಿಯೇ ದೀಪ ಆರಿಸುತ್ತದೆ. ಆಗ ಕೆಲವರು ಬ್ಯಾಟರಿಯಿಂದ ನೇರವಾಗಿ ತಂತಿ ಎಳೆದು ದೀಪ ಹಚ್ಚುತ್ತಾರೆ. ಬಾವಿಯ ತಳದ ಕೆಸರನ್ನೂ ಮೊಗೆದಂತೆ ಇದು. ಅಂತಹ ಕೆಲವು ರಾತ್ರಿಗಳು ಬ್ಯಾಟರಿಯ ಆಯುಷ್ಯವನ್ನು ಬಹಳ ಕುಗ್ಗಿಸುತ್ತವೆ. ನಿಯಂತ್ರಕ ಆರಿಸುವ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಬಹಳ ಕೆಳಗೆ ಇಳಿದಿರುವುದರಿಂದ ಅಲ್ಲಿಯವರೆಗೆ ಕಾಯುವುದೂ ಸರಿಯಲ್ಲ.

ನೀರು ಮತ್ತು ಜಾಗ

ಚಾರ್ಜ್ ಆಗುವಾಗ ಬ್ಯಾಟರಿಯಲ್ಲಿನ ನೀರು ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ, ಕಡುಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ಮಟ್ಟ ನೋಡಬೇಕು. ಬಟ್ಟಿ ಇಳಿಸಿದ ನೀರನ್ನು ಮಾತ್ರ ಗುರುತಿನವರೆಗೆ ಹಾಕಬೇಕು. ಕೊಳವೆಬಾವಿಯ ನೀರಿನಲ್ಲಿರುವ ಲವಣ ಮತ್ತು ಕಬ್ಬಿಣದ ಅಂಶಗಳು ಪ್ಲೇಟುಗಳನ್ನು ಕೆಡಿಸುತ್ತವೆ. ಆವಿಯಾಗುವುದು ನೀರೇ ಹೊರತು ಆಮ್ಲವಲ್ಲ. ಆದುದರಿಂದ ಆಮ್ಲ ಸೇರಿಸಬಾರದು. ಬ್ಯಾಟರಿ ತುಂಬಿದ ಮೇಲೆ ನೀರು ಹಾಕುವುದು ಸರಿಯಾದ ಕ್ರಮ. ಪ್ಲೇಟುಗಳು ಕಾಣುವಷ್ಟು ಮಟ್ಟ ಇಳಿದಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲೇ ಹಾಕಬೇಕು.

ತಗಡಿನ ಮಾಡಿನ ಕೆಳಗೆ ಕಾಯುವ ಜಾಗದಲ್ಲಿ ಬ್ಯಾಟರಿ ಇಡಬಾರದು. ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್‌ಗಿಂತ ಪ್ರತಿ 10 ಡಿಗ್ರಿ ಏರಿದಂತೆ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆ. ನೆರಳಿರುವ, ಗಾಳಿಯಾಡುವ, ಮಕ್ಕಳ ಕೈಗೆ ಎಟುಕದ ಮೂಲೆಯಲ್ಲಿ ಮರದ ಹಲಗೆಯ ಮೇಲೆ ಇಡುವುದು ಲೇಸು.

ಮಳೆಗಾಲದ ನಿರ್ವಹಣೆ

ಮಲೆನಾಡಿನಲ್ಲಿ ಜಡಿಮಳೆ ಹಿಡಿದ ದಿನ ಫಲಕದಿಂದ ಬೇಸಿಗೆಯ ಕಾಲು ಭಾಗ ಸಿಗುವುದೂ ಕಷ್ಟ. 150 ವ್ಯಾಟಿನ ಫಲಕದಿಂದ 30ರ ಬದಲು ಏಳೂವರೆ ಆಂಪಿಯರ್-ಗಂಟೆ ಬಂದರೆ, ಶೇಕಡ 20ರ ನಷ್ಟ ಕಳೆದು ಬಳಕೆಗೆ ಸಿಗುವುದು 6 ಮಾತ್ರ. ಅಂದರೆ 72 ವ್ಯಾಟ್-ಗಂಟೆ. ಬೇಲಿಯೊಂದಕ್ಕೇ 70 ಬೇಕು. ದೀಪಕ್ಕೆ ಉಳಿಯುವುದು ಬಹುತೇಕ ಏನೂ ಇಲ್ಲ. ಬೇಸಿಗೆಯಂತೆಯೇ ಖರ್ಚು ಮಾಡಿದರೆ ನಾಲ್ಕನೆಯ ದಿನಕ್ಕೇ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆದುದರಿಂದ ಮಳೆಗಾಲಕ್ಕೆ ಬೇರೆಯೇ ಲೆಕ್ಕ ಹಾಕಿಕೊಳ್ಳಬೇಕು.

ಮೊದಲನೆಯದಾಗಿ ಖರ್ಚು ಇಳಿಸಬೇಕು. ಬೇಲಿಗೆ 70, ಎರಡು ದೀಪ 2 ಗಂಟೆ ಉರಿಸಲು 28, ಮೊಬೈಲುಗಳಿಗೆ 20 ಸೇರಿ 118 ವ್ಯಾಟ್-ಗಂಟೆ, ಅಂದರೆ ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆ. ಅಂಗಳದ ದೀಪದ ಬದಲು ಕೈ ಬ್ಯಾಟರಿ ಬಳಸಬಹುದು. ಆಗ ದಿನದ ಕೊರತೆ 4ಕ್ಕೆ ಇಳಿಯುತ್ತದೆ. ಬ್ಯಾಟರಿಯ ಮೇಲರ್ಧದಲ್ಲಿರುವ 50 ಆಂಪಿಯರ್-ಗಂಟೆ 12 ದಿನ ಬರುತ್ತದೆ.

ಎರಡನೆಯದಾಗಿ, ಪ್ರತಿ 10 ದಿನಕ್ಕೊಮ್ಮೆ ಹೊರಗಿನಿಂದ ಚಾರ್ಜ್ ಮಾಡಿಸಬೇಕು. ಬೆಳಿಗ್ಗೆ ಊರಿಗೆ ಒಯ್ದು 10 ಆಂಪಿಯರಿನ ಚಾರ್ಜರಿಗೆ ಹಾಕಿದರೆ 8–9 ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆ. ಬೇಲಿ ರಾತ್ರಿ ನಡೆಯಲೇಬೇಕಾದ್ದರಿಂದ ಕತ್ತಲಾಗುವ ಮುನ್ನ ವಾಪಸು ತಂದು ಜೋಡಿಸಬೇಕು. ಬ್ಯಾಟರಿ ಭಾರವಾದ್ದರಿಂದ ಇಬ್ಬರು ಹಿಡಿದು, ವಾಲಿಸದೆ, ನೆಟ್ಟಗೆ ಸಾಗಿಸಬೇಕು. ಜನರೇಟರ್ ಇದ್ದವರು ಬೆಳಿಗ್ಗೆ ಒಂದೆರಡು ಗಂಟೆ ಅದರಿಂದ ಚಾರ್ಜ್ ಮಾಡಿ, ನಿಧಾನವಾಗಿ ತುಂಬುವ ಕೊನೆಯ ಭಾಗವನ್ನು ಬಿಸಿಲಿಗೆ ಬಿಟ್ಟರೆ ಇಂಧನ ಉಳಿಯುತ್ತದೆ. ಸಂಜೆ ಜನರೇಟರ್ ಹಚ್ಚಿದರೆ ಈ ಲಾಭ ಸಿಗದು.

ಕಾಡುಪ್ರಾಣಿಗಳ ಕಾಟ ಹೆಚ್ಚಿರುವ ಕಡೆ ಬೇಲಿಗೆ ಪ್ರತ್ಯೇಕ ಬ್ಯಾಟರಿ ಮತ್ತು ಫಲಕ ಇಡುವುದೇ ಸುರಕ್ಷಿತ. ಮನೆಯಲ್ಲಿ ಒಂದು ದೀಪ ಹೆಚ್ಚು ಹೊತ್ತು ಉರಿದದ್ದಕ್ಕೆ ಬೇಲಿ ಸತ್ತುಹೋಗುವ ಸಂದರ್ಭ ಆಗ ಬರುವುದಿಲ್ಲ. ಬೇಲಿ ತಂತಿಗೆ ತಾಗುವ ಬಳ್ಳಿ ಮತ್ತು ಹುಲ್ಲನ್ನು ಸವರುತ್ತಿರಬೇಕು. ಬ್ಯಾಟರಿ ಎಷ್ಟೇ ಚೆನ್ನಾಗಿದ್ದರೂ ಹಸಿ ಬಳ್ಳಿ ತಾಗಿದರೆ ಬೇಲಿಯ ಕಸುವು ನೆಲಕ್ಕಿಳಿದುಹೋಗುತ್ತದೆ. ಬೇಲಿಗೆ ಅದಕ್ಕೆಂದೇ ತಯಾರಾದ ಯಂತ್ರದಿಂದ ಮಾತ್ರ ವಿದ್ಯುತ್ ಕೊಡಬೇಕು. ಮನೆಯ ಅಥವಾ ಪಂಪ್‌ಸೆಟ್ಟಿನ ವಿದ್ಯುತ್ತನ್ನು ನೇರವಾಗಿ ಹರಿಸುವುದು ಜೀವಕ್ಕೆ ಅಪಾಯ ಮತ್ತು ಅಪರಾಧ.

ಲಿಥಿಯಂ ಬ್ಯಾಟರಿ

ಇತ್ತೀಚಿನ ವರ್ಷಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳೂ ಮಾರುಕಟ್ಟೆಯಲ್ಲಿವೆ. ಇವು ಹಗುರ. ಶೇಕಡ 80ರವರೆಗೆ ಬಳಸಬಹುದು. ನೀರು ಹಾಕುವ ಕೆಲಸವಿಲ್ಲ. ಅರೆ ಚಾರ್ಜಿನಲ್ಲಿ ಇದ್ದರೂ ಸಲ್ಫೇಟಿನ ತೊಂದರೆಯಿಲ್ಲವಾದ್ದರಿಂದ ಮಳೆನಾಡಿಗೆ ಒಗ್ಗುತ್ತವೆ. ಬೆಲೆ ಹೆಚ್ಚು. ಚಾರ್ಜ್ ನಿಯಂತ್ರಕ ಲಿಥಿಯಂ ಬ್ಯಾಟರಿಗೆ ಹೊಂದುವಂತಿರಬೇಕು. ಆದರೆ ಬ್ಯಾಟರಿ ಯಾವುದಾದರೂ ಜಮೆ–ಖರ್ಚಿನ ಲೆಕ್ಕ ತಪ್ಪುವುದಿಲ್ಲ. ಫಲಕ ಚಿಕ್ಕದಾದರೆ ಲಿಥಿಯಂ ಬ್ಯಾಟರಿಯೂ ಬರಿದಾಗುತ್ತದೆ.

ಎಚ್ಚರಿಕೆಗಳು

• ಚಾರ್ಜ್ ಆಗುವ ಸೀಸ-ಆಮ್ಲ ಬ್ಯಾಟರಿಯಿಂದ ಹೊತ್ತಿ ಸಿಡಿಯಬಲ್ಲ ಜಲಜನಕ ಅನಿಲ ಹೊರಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ, ಬುಡ್ಡಿದೀಪ ಹಚ್ಚಬಾರದು.

• ಬ್ಯಾಟರಿಯ ಧನ ಟರ್ಮಿನಲಿನ ಸಮೀಪ ಸರಿಯಾದ ಫ್ಯೂಸ್ ಇರಬೇಕು. ಎರಡು ಟರ್ಮಿನಲ್‌ಗಳಿಗೂ ಏಕಕಾಲಕ್ಕೆ ಸ್ಪ್ಯಾನರ್ ತಾಗದಂತೆ ನೋಡಿಕೊಳ್ಳಬೇಕು.

• ಆಮ್ಲ ಮೈಗೆ ಬಿದ್ದರೆ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ 15 ನಿಮಿಷ ಬಿಡದೆ ನೀರು ಹರಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು.

• ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬಾರದು, ಆಮ್ಲವನ್ನು ಮಣ್ಣಿಗೆ ಸುರಿಯಬಾರದು. ಸೀಸ ವಿಷ, ಮಕ್ಕಳಿಗೆ ಇನ್ನೂ ಹೆಚ್ಚು ಅಪಾಯಕಾರಿ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಿಂದ ಜಾರಿಯಲ್ಲಿವೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೆ ಒಪ್ಪಿಸಿದರೆ ಅದರ ಬೆಲೆಯೂ ಸಿಗುತ್ತದೆ.

• ಕೊಯ್ಲು ಮುಗಿಸಿ ಮನೆ ಬಿಟ್ಟು ಊರಿಗೆ ಬರುವಾಗ ದೀಪಗಳ ಸಂಪರ್ಕ ತಪ್ಪಿಸಿ, ನೀರಿನ ಮಟ್ಟ ಸರಿಪಡಿಸಿ, ಫಲಕ ಮತ್ತು ನಿಯಂತ್ರಕವನ್ನು ಬ್ಯಾಟರಿಗೆ ಜೋಡಿಸಿಯೇ ಬಿಡಬೇಕು.

ಸಾರಾಂಶ

ತೋಟದ ಮನೆಯ ಬ್ಯಾಟರಿಯ ಆಯುಷ್ಯ ಅಂಗಡಿಯಲ್ಲಿ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ ಮನೆಯಲ್ಲಿ ನಿರ್ಧಾರವಾಗುತ್ತದೆ. ದಿನದ ಖರ್ಚು ಬರೆದಿಡುವುದು, ಖರ್ಚಿಗಿಂತ ಹೆಚ್ಚು ಜಮೆ ಬರುವಷ್ಟು ಫಲಕ ಹಾಕುವುದು, ದಪ್ಪ ತಂತಿ ಬಳಸುವುದು, ಅರ್ಧಕ್ಕಿಂತ ಕೆಳಗೆ ಇಳಿಸದಿರುವುದು, ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಿಸುವುದು ಮತ್ತು ಮಳೆಗಾಲಕ್ಕೆ ಬೇರೆ ಲೆಕ್ಕ ಇಡುವುದು, ಈ ಆರು ಮಾತುಗಳನ್ನು ಪಾಲಿಸಿದರೆ ಸಾಕು. ಒಂದು ಮಲ್ಟಿಮೀಟರ್ ಮತ್ತು ಒಂದು ಹೈಡ್ರೋಮೀಟರಿನ ಬೆಲೆ ಹೊಸ ಬ್ಯಾಟರಿಯ ಬೆಲೆಯ ಮುಂದೆ ಅಲ್ಪ. ಗೋಡೆಗೆ ಒಂದು ಹಾಳೆ ಅಂಟಿಸಿ ವಾರಕ್ಕೊಮ್ಮೆ ಬೆಳಗಿನ ವೋಲ್ಟ್ ಬರೆಯುತ್ತ ಬಂದರೆ, ಅಂಕಿ ವಾರದಿಂದ ವಾರಕ್ಕೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಆಗಲೇ ಒಂದು ದೀಪ ಕಡಿಮೆ ಮಾಡಿದರೆ ಅಥವಾ ಬ್ಯಾಟರಿಯನ್ನು ಊರಿಗೆ ಒಯ್ದು ತುಂಬಿಸಿ ತಂದರೆ ಬೇಲಿಯೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.